ಬಿಡುವಿಲ್ಲದ ವಿಶ್ವಾಸಿಗೆ ವಿಶ್ರಾಂತಿ: ಎಲ್ಲಿಂದ ಶುರು ಮಾಡುವುದು?

ಒಂದು ಭಾನುವಾರ ರಾತ್ರಿ ಹಾಸಿಗೆಯ ಮೇಲೆ ಕೂತು ಆ ದಿನದ ಲೆಕ್ಕ ಹಾಕಿದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕುರ್ಚಿ ಜೋಡಿಸಿದ್ದೆ. ಮೈಕ್ ನೋಡಿಕೊಂಡಿದ್ದೆ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡಿದ್ದೆ. ಆರಾಧನೆ ಮುಗಿದ ಮೇಲೆ ಕಮಿಟಿ ಮೀಟಿಂಗ್, ಮಧ್ಯಾಹ್ನ ಕಾಯಿಲೆಯವರೊಬ್ಬರ ಭೇಟಿ, ಸಂಜೆ ಯೌವನಸ್ಥರ ಕೂಟ. ಎಲ್ಲವೂ ದೇವರ ಕೆಲಸವೇ. ಆದರೆ ಬೆಳಿಗ್ಗೆ ಸಭೆಯಲ್ಲಿ ಯಾವ ವಾಕ್ಯಭಾಗ ಓದಿದರು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಪ್ರಸಂಗದ ಒಂದು ಮಾತೂ ತಲೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಎಡಗಡೆ ಸ್ಪೀಕರ್ ಕರಕರ ಅಂದದ್ದು ಮಾತ್ರ.

ಅವತ್ತಿನಿಂದ ನಿಧಾನವಾಗಿ, ತಪ್ಪು ಮಾಡುತ್ತಾ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ವಿಶ್ರಾಂತಿಯನ್ನೂ ಒಂದು ಪ್ರಾಜೆಕ್ಟ್ ಮಾಡಿಕೊಂಡು ಸುಸ್ತಾಗುವ ಜನ ನಾವು.

ಹೆಜ್ಜೆ ಇಡುವ ಮುಂಚೆ ಒಂದು ಮಾತು. ವಿಶ್ರಾಂತಿ ಎಂದರೆ ಕೆಲಸಕ್ಕೆ ಸಿಗುವ ಕೂಲಿ ಎಂದು ನಾವು ತಿಳಿದಿದ್ದೇವೆ. ಮೊದಲು ದುಡಿ, ಆಮೇಲೆ ಕೂತುಕೋ. ಸತ್ಯವೇದದ (ಬೈಬಲಿನ) ಮೊದಲ ಪುಸ್ತಕ ಆದಿಕಾಂಡ ಓದಿದರೆ ಲೆಕ್ಕ ಬೇರೆಯೇ ಇದೆ. ಮನುಷ್ಯನನ್ನು ದೇವರು ಉಂಟುಮಾಡಿದ್ದು ಆರನೇ ದಿನ. ಅವನು ಕಂಡ ಮೊದಲ ಪೂರ್ತಿ ದಿನ ಏಳನೆಯದು. ಪ್ರಾಣಿಗಳಿಗೆ ಹೆಸರಿಟ್ಟದ್ದು ಬಿಟ್ಟರೆ ಅವನು ಹೇಳಿಕೊಳ್ಳುವಂಥ ಕೆಲಸ ಏನೂ ಮಾಡಿರಲಿಲ್ಲ. ಕೆಲಸಕ್ಕೆ ಸೇರಿದ ಮರುದಿನವೇ ರಜೆ! ಆರು ದಿನ ದುಡಿದವರು ದೇವರು, ವಿಶ್ರಾಂತಿಯಲ್ಲಿ ಪಾಲು ಸಿಕ್ಕಿದ್ದು ಮನುಷ್ಯನಿಗೆ. ಇದನ್ನು ಕೃಪೆ ಅನ್ನದೆ ಇನ್ನೇನು ಅನ್ನಬೇಕು?

ಮೊದಲ ಹೆಜ್ಜೆ: ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬದಲಾಯಿಸಬೇಡಿ. ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಂಡು ಪ್ರತಿ ರಾತ್ರಿ ಐದು ನಿಮಿಷ ಬರೆಯಿರಿ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಹೊತ್ತಿಗೆ ಮಲಗಿದೆ, ಇವತ್ತು ಏನೇನು ಮಾಡಿದೆ. ಪ್ರತಿ ಕೆಲಸದ ಪಕ್ಕ ಇನ್ನೊಂದು ಪದ ಬರೆಯಿರಿ: ಇದನ್ನು ಯಾಕೆ ಮಾಡಿದೆ? ಸಂತೋಷಕ್ಕಾ, ಜವಾಬ್ದಾರಿ ಅಂತಲಾ, ಯಾರಾದರೂ ಏನಾದರೂ ಅಂದಾರು ಎಂಬ ಹೆದರಿಕೆಗಾ?

ವಾರದ ಕೊನೆಗೆ 'ಹೆದರಿಕೆ' ಎಂದು ಬರೆದ ಸಾಲುಗಳನ್ನು ಎಣಿಸಿ. ನನ್ನ ಪಟ್ಟಿಯಲ್ಲಿ ಅವೇ ಜಾಸ್ತಿ ಇದ್ದವು. ಅದರಲ್ಲೂ ಸಭೆಯ ಕೆಲಸಗಳ ಪಕ್ಕದಲ್ಲಿ.

ಇದು ಯಾಕೆ ಮುಖ್ಯ ಎಂದರೆ, ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಆಜ್ಞೆ ಸತ್ಯವೇದದಲ್ಲಿ ಎರಡು ಕಡೆ ಎರಡು ಬೇರೆ ಕಾರಣ ಹೇಳಿ ಬಂದಿದೆ. ವಿಮೋಚನಕಾಂಡ 20ರಲ್ಲಿ ಕಾರಣ ಸೃಷ್ಟಿ: ದೇವರು ಏಳನೇ ದಿನ ವಿಶ್ರಮಿಸಿಕೊಂಡರು, ನೀವೂ ಹಾಗೆಯೇ ಮಾಡಿ. ಧರ್ಮೋಪದೇಶಕಾಂಡ 5ರಲ್ಲಿ ಕಾರಣ ಗುಲಾಮಗಿರಿ: ನೀವು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದದ್ದನ್ನು ನೆನಪು ಮಾಡಿಕೊಳ್ಳಿ. ದಾಸನಿಗೆ ರಜೆ ಇರಲಿಲ್ಲ. ಮೂರು ದಿನ ಹೋಗಿ ದೇವರನ್ನು ಆರಾಧಿಸುತ್ತೇವೆ ಎಂದು ಇಸ್ರಾಯೇಲ್ಯರು ಕೇಳಿದಾಗ ಅಲ್ಲಿನ ಅರಸ ಫರೋಹ ಏನು ಮಾಡಿದ? ಇಟ್ಟಿಗೆಗೆ ಬೇಕಾದ ಹುಲ್ಲು ಕೊಡುವುದನ್ನು ನಿಲ್ಲಿಸಿದ. ಹುಲ್ಲನ್ನು ನೀವೇ ಹುಡುಕಿಕೊಳ್ಳಿ, ಆದರೆ ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆ ಆಗಬಾರದು ಎಂದ. ಮೇಲೆ 'ನೀವು ಸೋಮಾರಿಗಳು' ಎಂದು ಬೈದ.

ಸ್ವಲ್ಪ ಕೂತರೆ ನಿಮ್ಮೊಳಗೆ 'ಸೋಮಾರಿ' ಎನ್ನುವ ಒಂದು ದನಿ ಏಳುತ್ತದಲ್ಲ, ಅದು ಎಷ್ಟೋ ಸಲ ದೇವರ ದನಿ ಅಲ್ಲ. ವಿಮೋಚನಕಾಂಡ 5ರಲ್ಲಿ ಆ ಮಾತು ಯಾರ ಬಾಯಿಂದ ಬಂತು ಎಂದು ನೋಡಿ. 'ಹೆದರಿಕೆ' ಎಂದು ಬರೆದ ಸಾಲುಗಳನ್ನು ಮುಂದಿಟ್ಟುಕೊಂಡು ಒಂದು ಸಲ ಪ್ರಾರ್ಥನೆ ಮಾಡಿ. ಪರಿಹಾರ ಈಗಲೇ ಬೇಡ. ನಿಮ್ಮನ್ನು ಓಡಿಸುತ್ತಿರುವುದು ಏನು ಎಂದು ಗೊತ್ತಾದರೆ ಸಾಕು.

ಎರಡನೇ ಹೆಜ್ಜೆ: ರಾತ್ರಿಯಿಂದ ಶುರು ಮಾಡಿ

ವಿಶ್ರಾಂತಿ ಅಂದ ಕೂಡಲೇ ಎಲ್ಲರೂ ಧ್ಯಾನಕೂಟ, ರಿಟ್ರೀಟ್, ಬೆಟ್ಟದ ಮೇಲಿನ ಮೂರು ದಿನ ಎಂದು ಯೋಚಿಸುತ್ತಾರೆ. ಅದೆಲ್ಲ ಆಮೇಲೆ. ಮೊದಲು ಸರಿಯಾಗಿ ನಿದ್ದೆ ಮಾಡಿ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಮಾತು ಗಮನಿಸಿದ್ದೀರಾ? ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು. ಮೊದಲು ಸಂಜೆ, ಆಮೇಲೆ ಬೆಳಿಗ್ಗೆ. ಯೆಹೂದ್ಯರ ಲೆಕ್ಕದಲ್ಲಿ ಇವತ್ತಿಗೂ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಅಂದರೆ ದಿನದ ಮೊದಲ ದೊಡ್ಡ ಕೆಲಸ ಮಲಗುವುದು! ನಾವು ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ದಿನ ಅರ್ಧ ಆಗಿರುತ್ತದೆ. ಆ ಅರ್ಧವನ್ನು ದೇವರು ನಮ್ಮ ಸಹಾಯವಿಲ್ಲದೆ ನಡೆಸಿರುತ್ತಾರೆ. ಇಸ್ರಾಯೇಲನ್ನು ಕಾಯುವವರು ತೂಕಡಿಸುವುದಿಲ್ಲ ಎನ್ನುತ್ತದೆ 121ನೇ ಕೀರ್ತನೆ. ಅವರು ಎಚ್ಚರವಾಗಿದ್ದಾರೆ ಎಂದರೆ ನಾನು ಮಲಗಬಹುದು ಎಂದೇ ಅರ್ಥ ಅಲ್ವಾ? 127ನೇ ಕೀರ್ತನೆ ಇನ್ನೂ ನೇರವಾಗಿ ಹೇಳುತ್ತದೆ: ಬೇಗ ಎದ್ದು ತಡವಾಗಿ ಮಲಗಿ ಸಂಕಟದ ರೊಟ್ಟಿ ತಿನ್ನುವುದು ವ್ಯರ್ಥ.

ನಾನು ಮಾಡುವುದು ಹೀಗೆ. ಬೆಳಿಗ್ಗೆ ಏಳುವ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ ಮಲಗುವ ಸಮಯ ಗೊತ್ತು ಮಾಡಿಕೊಂಡಿದ್ದೇನೆ. ಅದಕ್ಕೆ ಅರ್ಧ ಗಂಟೆ ಮುಂಚೆ ಫೋನ್ ಬೇರೆ ಕೋಣೆಗೆ ಹೋಗುತ್ತದೆ. ಅಲಾರಂ ನೆಪ ಹೇಳಬೇಡಿ, ಒಂದು ಸಾದಾ ಗಡಿಯಾರ ತನ್ನಿ. ಆಮೇಲೆ ಒಂದು ಚೀಟಿ. ಇವತ್ತು ಮುಗಿಯದ ಕೆಲಸ, ಮನಸ್ಸಿನಲ್ಲಿ ಕೊರೆಯುತ್ತಿರುವ ಜನರ ಹೆಸರು, ನಾಳೆಯ ಭಯ ಎಲ್ಲ ಅದರಲ್ಲಿ ಬರೆಯುತ್ತೇನೆ. ಮಡಚಿ ಸತ್ಯವೇದದೊಳಗೆ ಇಡುತ್ತೇನೆ. 'ಕರ್ತನೇ, ಬೆಳಿಗ್ಗೆವರೆಗೆ ಇದು ನಿನ್ನದು' ಎನ್ನುತ್ತೇನೆ. ಮೊದಮೊದಲು ಇದು ಮಕ್ಕಳಾಟದಂತೆ ಅನಿಸುತ್ತಿತ್ತು. ಈಗ ಚೀಟಿ ಬರೆಯದ ದಿನ ನಿದ್ದೆ ತಡವಾಗುತ್ತದೆ.

ಕೊನೆಗೆ ಒಂದು ಕೀರ್ತನೆ, ದಿನಾ ಒಂದೇ ಆದರೂ ಪರವಾಗಿಲ್ಲ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ಎಂಬ ಸನ್ಯಾಸಿ ತನ್ನ ಮಠದವರಿಗೆ ಬರೆದ ನಿಯಮದಲ್ಲಿ, ಮಲಗುವ ಮುಂಚಿನ ಪ್ರಾರ್ಥನೆಗೆ ಪ್ರತಿ ರಾತ್ರಿಯೂ ಅದೇ ಮೂರು ಕೀರ್ತನೆ: ನಮ್ಮ ಸತ್ಯವೇದದ ಸಂಖ್ಯೆಯಲ್ಲಿ 4, 91, 134. ಬೇರೆ ಹೊತ್ತಿನ ಪ್ರಾರ್ಥನೆಗಳಲ್ಲಿ ಕೀರ್ತನೆಗಳು ಬದಲಾಗುತ್ತವೆ, ಇಲ್ಲಿ ಬದಲಾವಣೆಯೇ ಇಲ್ಲ. ಅದಾದ ಮೇಲೆ ಯಾರೂ ಮಾತಾಡುವಂತಿಲ್ಲ. ದಣಿದ ತಲೆಗೆ ಹೊಸದೇನೂ ಬೇಡ, ಕತ್ತಲಲ್ಲೂ ಬಾಯಿಗೆ ಬರುವಂಥದ್ದು ಬೇಕು ಎಂದು ನನಗೂ ಅನುಭವದಿಂದ ಗೊತ್ತಾಗಿದೆ. 4ನೇ ಕೀರ್ತನೆಯ ಕೊನೆಯ ವಚನ ಒಂದೇ ಸಾಕು, ಸಮಾಧಾನದಿಂದ ಮಲಗಿ ನಿದ್ದೆ ಮಾಡುವ ಮಾತು ಅದು.

ನಿದ್ದೆಯ ವಿಷಯಕ್ಕೆ ಬಂದರೆ ಪ್ರವಾದಿ ಎಲೀಯನನ್ನು ಬಿಡುವಂತಿಲ್ಲ. 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದು ದೊಡ್ಡ ಜಯವಾಗಿದೆ. ಆದರೆ ರಾಣಿ ಈಜೆಬೆಲಳ ಒಂದು ಬೆದರಿಕೆ ಬಂದದ್ದೇ ಅವನು ಓಡಿದ. ಅರಣ್ಯದಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಎಂದ. ಮಲಗಿಬಿಟ್ಟ.

ದೇವದೂತ ಬಂದು ಏನು ಮಾಡಿದ ನೋಡಿ. ಉಪದೇಶ ಮಾಡಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ: ಎದ್ದು ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು. 'ಎಲೀಯನೇ, ಇಲ್ಲೇನು ಮಾಡುತ್ತಿದ್ದೀ' ಎಂಬ ಪ್ರಶ್ನೆ ಬಂದದ್ದು ಆಮೇಲೆ, 40 ದಿನ ನಡೆದು ಹೋರೇಬಿಗೆ ಮುಟ್ಟಿದ ನಂತರ. ಊಟ, ನಿದ್ದೆ ಮೊದಲು. ಪ್ರಶ್ನೆ ಕೊನೆಗೆ. ಸುಸ್ತಾದವರ ಜೊತೆ ನಾವು ಇದನ್ನು ತಲೆಕೆಳಗು ಮಾಡುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಎಲೀಯನ ಹಾಗೆ ಸಾವು ಬಂದರೆ ಸಾಕು ಎನಿಸುತ್ತಿದ್ದರೆ, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ, ಹತ್ತಿರದವರಿಗೂ ಹೇಳಿ. ಅದು ನಂಬಿಕೆಯ ಕೊರತೆ ಅಲ್ಲ. ಈ ಲೇಖನದ ಹೆಜ್ಜೆಗಳು ಅದಕ್ಕೆ ಔಷಧಿಯೂ ಅಲ್ಲ.

(ಸಭೆಯಲ್ಲಿ ತೂಕಡಿಸುವವರಿಗೆ ಒಂದು ಸಮಾಧಾನ. ಪೌಲನು ಮಧ್ಯರಾತ್ರಿವರೆಗೆ ಪ್ರಸಂಗ ಮಾಡಿದಾಗ ಯೂತಿಖ ಎಂಬ ಯುವಕ ನಿದ್ದೆಹೋಗಿ ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದ. ಪೌಲನು ಇಳಿದು ಹೋಗಿ ಅವನನ್ನು ತಬ್ಬಿಕೊಂಡ, ಹುಡುಗ ಬದುಕಿದ. ಇದನ್ನು ಬರೆದ ಲೂಕ ಆ ಹುಡುಗನನ್ನು ಒಂದು ಮಾತೂ ಬೈದಿಲ್ಲ.)

ಮೂರನೇ ಹೆಜ್ಜೆ: ದಿನಕ್ಕೆ ಹತ್ತು ನಿಮಿಷ, ಏನೂ ಮಾಡದೆ

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಒಂದು ರಾತ್ರಿ ಇದೆ. ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲ ಮುಂದೆ ಸೇರಿದೆ. ಯೇಸು ಸ್ವಾಮಿ ಎಷ್ಟೋ ಜನರನ್ನು ಗುಣಪಡಿಸಿದ್ದಾರೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಅಡವಿಗೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದಾರೆ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು ಹೇಳಿದ್ದು: ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ. ನಮ್ಮ ಫೋನ್ ದಿನವಿಡೀ ಹೇಳುವುದೂ ಇದನ್ನೇ. ಅದಕ್ಕೆ ಯೇಸು ಸ್ವಾಮಿಯ ಉತ್ತರ, ಬೇರೆ ಊರುಗಳಿಗೆ ಹೋಗೋಣ. ಹುಡುಕುತ್ತಿದ್ದವರ ಬಳಿಗೆ ಅವರು ವಾಪಸ್ ಹೋಗಲಿಲ್ಲ. ಏನು ಮಾಡಬೇಕು, ಏನು ಬಿಡಬೇಕು ಎಂಬುದು ಆ ಕತ್ತಲಲ್ಲಿ ತಂದೆಯ ಮುಂದೆ ಕೂತಾಗಲೇ ತೀರ್ಮಾನವಾಗಿತ್ತು ಎಂದು ನನಗೆ ಅನಿಸುತ್ತದೆ.

ಹತ್ತು ನಿಮಿಷ ಸಾಕು. ಒಂದೇ ಜಾಗ, ಒಂದೇ ಹೊತ್ತು. ಪ್ರಾರ್ಥನಾ ವಿಷಯಗಳ ಪಟ್ಟಿ ಬೇಡ. ಸಂಡೇ ಸ್ಕೂಲ್ ಪಾಠದ ತಯಾರಿ ಬೇಡ. ಪ್ರಸಂಗ ಮಾಡುವವರು ಇದನ್ನು ಎರಡು ಸಲ ಓದಿ: ಮುಂದಿನ ಭಾನುವಾರಕ್ಕೆ ಪಾಯಿಂಟ್ ಹುಡುಕುತ್ತಾ ಓದುವುದು ಕೆಲಸ, ಅದು ವಿಶ್ರಾಂತಿ ಅಲ್ಲ. 131ನೇ ಕೀರ್ತನೆ ತೆರೆಯಿರಿ. ಮೂರೇ ವಚನ. ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವ ಹಾಗೆ ನನ್ನ ಮನಸ್ಸು ಇದೆ ಎನ್ನುತ್ತಾನೆ ಕೀರ್ತನೆಗಾರ. ಹಾಲಿಗಾಗಿ ಅಳುವ ಕೂಸಲ್ಲ, ಗಮನಿಸಿ. ತಾಯಿಯಿಂದ ಏನೂ ಬೇಡದೆ, ಸುಮ್ನೆ ಅವಳ ಮಡಿಲಲ್ಲಿ ಇರುವ ಕೂಸು. ಆ ಹತ್ತು ನಿಮಿಷ ಹಾಗೆ ಇರಿ.

ಮನಸ್ಸು ಓಡುತ್ತದೆ. ಓಡಲಿ, ಮತ್ತೆ ಕರೆದು ಕೂರಿಸಿ. ನಿದ್ದೆ ಬಂದರೆ ಅದು ನಿಮಗೆ ಬೇಕಾಗಿತ್ತು ಅಂತ ಅರ್ಥ, ಎರಡನೇ ಹೆಜ್ಜೆಗೆ ವಾಪಸ್ ಹೋಗಿ.

ನಾಲ್ಕನೇ ಹೆಜ್ಜೆ: ವಾರಕ್ಕೆ ಒಂದು ದಿನ, ಬಾಗಿಲು ಮುಚ್ಚಿ

ಸಬ್ಬತ್ ಎಂಬ ಪದದ ಬೇರು ಹೀಬ್ರೂ ಭಾಷೆಯಲ್ಲಿ 'ನಿಲ್ಲಿಸು' ಎಂದು. ಕೆಲಸ ಮುಗಿಸು ಎಂದಲ್ಲ. ಮುಗಿಯದ ಕೆಲಸವನ್ನು ಮುಗಿಯದ ಹಾಗೆಯೇ ಬಿಟ್ಟು ನಿಲ್ಲಿಸುವುದು ನಮಗೆ ಬಹಳ ಕಷ್ಟ.

ಅದಕ್ಕೇ ವಿಮೋಚನಕಾಂಡ 34:21 ನನಗೆ ಇಷ್ಟ. ಉಳುವ ಕಾಲದಲ್ಲೂ ಕೊಯ್ಲಿನ ಕಾಲದಲ್ಲೂ ಏಳನೇ ದಿನ ಬಿಡುವು ಇರಬೇಕು ಎನ್ನುತ್ತದೆ ಅದು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರದ ರಜೆಗೆ ಕಾನೂನು ಮಾಡಿದಾಗ ನ್ಯಾಯಾಧೀಶರಿಗೆ, ಪಟ್ಟಣದವರಿಗೆ ರಜೆ ಕೊಟ್ಟ, ರೈತರಿಗೆ ಮಾತ್ರ ಕೆಲಸ ಮಾಡಲು ವಿನಾಯಿತಿ ಕೊಟ್ಟ. ಹದ ತಪ್ಪಿದರೆ ಬೆಳೆ ಹೋಗುತ್ತದಲ್ಲ! ಲೋಕದ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಮೋಶೆಯ ಧರ್ಮಶಾಸ್ತ್ರ ಆ ವಿನಾಯಿತಿ ಕೊಡಲಿಲ್ಲ. ಕೆಲಸ ಕಡಿಮೆ ಇರುವ ವಾರ ನಿಲ್ಲಿಸಲು ನಂಬಿಕೆ ಬೇಕಾಗಿಲ್ಲ. ಕೊಯ್ಲಿನ ವಾರ ನಿಲ್ಲಿಸುವಾಗ ಬೇಕು. ಪರೀಕ್ಷೆ, ಆಡಿಟ್, ಕ್ರಿಸ್ಮಸ್ ತಯಾರಿ, ಇವು ನಮ್ಮ ಕೊಯ್ಲಿನ ಕಾಲ.

ಯಾವ ದಿನ? ಸಾಧ್ಯವಾದರೆ ಭಾನುವಾರ, ಸಭೆಯ ಜೊತೆ. ಶಿಫ್ಟ್ ಕೆಲಸದವರಿಗೆ, ನರ್ಸ್‌ಗಳಿಗೆ, ಸಭಾಪಾಲಕರಿಗೆ ಅದು ಆಗುವುದಿಲ್ಲ. ಅವರು ಬೇರೆ ದಿನ ಆರಿಸಿಕೊಳ್ಳಲಿ. ದಿನಗಳ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡಬಾರದು ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದಿದ್ದಾನೆ. ಶನಿವಾರವೇ ಸಬ್ಬತ್ ಎಂದು ಪಾಲಿಸುವ ಸಭೆಗಳೂ ಇವೆ, ಅವರ ಜೊತೆ ಜಗಳ ಬೇಡ. ಪೂರ್ತಿ ದಿನ ಸಿಗದಿದ್ದರೆ ಅರ್ಧ ದಿನದಿಂದ ಶುರು ಮಾಡಿ.

ಆದರೆ ಆದಷ್ಟೂ ಮನೆಯವರೆಲ್ಲರಿಗೂ ಒಂದೇ ದಿನ ಇರಲಿ. ಇದಕ್ಕೊಂದು ಇತಿಹಾಸ ಇದೆ. 1929ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಏಳು ದಿನದ ವಾರವನ್ನೇ ಬದಿಗಿಟ್ಟು ಐದು ದಿನದ ವಾರ ತಂದರು. ಕಾರ್ಖಾನೆ ಒಂದು ದಿನವೂ ನಿಲ್ಲಬಾರದು ಎಂಬುದು ಉದ್ದೇಶ. ಕೆಲಸಗಾರರನ್ನು ಐದು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ದಿನ ರಜೆ ಕೊಟ್ಟರು. ಎಣಿಸಿದರೆ ರಜೆ ಮುಂಚಿಗಿಂತ ಜಾಸ್ತಿಯೇ ಆಯಿತು. ಆದರೆ ಗಂಡನಿಗೆ ಒಂದು ದಿನ, ಹೆಂಡತಿಗೆ ಇನ್ನೊಂದು ದಿನ. ಕೂಡಿ ಕೂರುವುದು ಯಾವಾಗ? ಜನ ಗೊಣಗಿದರು. 1931ರಲ್ಲಿ ಎಲ್ಲರಿಗೂ ಒಂದೇ ರಜೆ ಇರುವ ಆರು ದಿನದ ವಾರ ಬಂತು, 1940ರಲ್ಲಿ ಏಳು ದಿನದ ವಾರವೇ ಮರಳಿತು. ಒಬ್ಬೊಬ್ಬರೇ ರಜೆ ತೆಗೆದುಕೊಂಡರೆ ಮೈಗೆ ಆರಾಮ ಸಿಗಬಹುದು. ಜೊತೆಗೆ ಕೂರುವ ದಿನ ಸಿಗುವುದಿಲ್ಲ.

ಈಗ ತಯಾರಿ. ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿದ್ದ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನ, ಬೀಳುತ್ತದೆ. ದಿನಾ ತಲೆಗೊಂದು ಓಮೆರ್ ಅಳತೆ. ಆರನೇ ದಿನ ಎರಡು. ಏಳನೇ ದಿನಕ್ಕೆ ಬೇಕಾದ್ದನ್ನು ಆರನೇ ದಿನವೇ ಬೇಯಿಸಿ ಇಟ್ಟುಕೊಳ್ಳಬೇಕು. ವಿಶ್ರಾಂತಿಗೆ ಹಿಂದಿನ ದಿನ ಸ್ವಲ್ಪ ಜಾಸ್ತಿ ಕೆಲಸ ಇರುತ್ತದೆ, ಇದನ್ನು ಯಾರೂ ಹೇಳುವುದಿಲ್ಲ. ಹಿಂದಿನ ದಿನವೇ ಸಾಮಾನು ತಂದಿಡಿ, ಬಟ್ಟೆ ಒಗೆದಿಡಿ, ಮಕ್ಕಳ ಹೋಂವರ್ಕ್ ಮುಗಿಸಿ. ಬಿಟ್ಟ ಇಮೇಲ್‌ಗಳಿಗೆ ಎರಡು ಸಾಲು ಉತ್ತರ ಹಾಕಿ.

ಆಮೇಲೆ ಬಾಗಿಲು. ಅಧಿಪತಿ ನೆಹೆಮೀಯನ ಕಾಲದಲ್ಲಿ ಯೆರೂಸಲೇಮಿನಲ್ಲಿ ಸಬ್ಬತ್ ದಿನವೂ ವ್ಯಾಪಾರ ನಡೆಯುತ್ತಿತ್ತು. ಅವನು ಪ್ರಸಂಗ ಮಾಡಿ ಸುಮ್ಮನಾಗಲಿಲ್ಲ. ಸಬ್ಬತ್ತಿನ ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಊರಬಾಗಿಲು ಮುಚ್ಚಿಸಿದ, ತನ್ನ ಆಳುಗಳನ್ನು ಕಾವಲಿಗೆ ನಿಲ್ಲಿಸಿದ. ವ್ಯಾಪಾರಿಗಳು ಒಂದೆರಡು ಸಲ ಗೋಡೆಯ ಹೊರಗೇ ರಾತ್ರಿ ಕಳೆದರು, ಯಾವಾಗ ತೆರೆದಾರು ಎಂದು. ಇನ್ನೊಂದು ಸಲ ಹೀಗೆ ಮಾಡಿದರೆ ಹಿಡಿಸುತ್ತೇನೆ ಎಂದು ನೆಹೆಮೀಯ ಗದರಿಸಿದ ಮೇಲೆ ಬರುವುದನ್ನು ಬಿಟ್ಟರು.

ನಮ್ಮ ಊರಬಾಗಿಲು ಈಗ ಜೇಬಿನಲ್ಲಿದೆ. ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ ಎಂದರೆ ಸಾಲದು, ಬಾಗಿಲಿಗೆ ನಿಜವಾದ ಅಗುಳಿ ಬೇಕು. ಗ್ರೂಪ್‌ಗಳನ್ನು ಮ್ಯೂಟ್ ಮಾಡಿ. ಆಫೀಸ್ ಆ್ಯಪ್‌ನಿಂದ ಲಾಗ್‌ಔಟ್ ಆಗಿ. ತುರ್ತು ಇದ್ದರೆ ಕರೆ ಮಾಡಿ ಎಂದು ನಾಲ್ಕೈದು ಜನರಿಗೆ ಹೇಳಿ ಫೋನನ್ನು ಡ್ರಾಯರ್‌ನಲ್ಲಿಡಿ. ಮೊದಲ ಒಂದೆರಡು ವಾರ ವ್ಯಾಪಾರಿಗಳು ಗೋಡೆಯ ಹೊರಗೆ ಕೂತೇ ಇರುತ್ತಾರೆ. ಫೋನ್ ನೋಡಬೇಕೆಂದು ಕೈ ತುರಿಸುತ್ತದೆ. ಅದು ಸಹಜ.

ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ಮಾಡುವುದು? ಆರಾಧನೆ. ನಿದ್ದೆ. ಅವಸರವಿಲ್ಲದ ಊಟ. ನಡೆದಾಟ. ಕಾಗದದ ಪುಸ್ತಕ. ಮಕ್ಕಳ ಜೊತೆ ನೆಲದ ಮೇಲೆ ಕೂತು ಆಟ. ವಿಮೋಚನಕಾಂಡ 31:17ರಲ್ಲಿ ದೇವರೂ ಏಳನೇ ದಿನ ದಣಿವಾರಿಸಿಕೊಂಡರು ಎಂಬ ಅರ್ಥದ ಮಾತು ಬರುತ್ತದೆ. ಆ ಹೀಬ್ರೂ ಪದದ ಬೇರು ಉಸಿರಿಗೆ, ಪ್ರಾಣಕ್ಕೆ ಸಂಬಂಧಿಸಿದ್ದು. ಉಸಿರು ವಾಪಸ್ ತರುವಂಥದ್ದು ಏನಾದರೂ ಸರಿ.

ಒಂದು ವಿಷಯ ಮಾತ್ರ ಬಿಡಬೇಡಿ. ಆ ಆಜ್ಞೆಯಲ್ಲಿ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರ ಹೆಸರೂ ಇದೆ. ಮನೆಯವರೆಲ್ಲ ಕಾಲು ಚಾಚಿ ಕೂತು, ಅಮ್ಮ ಒಬ್ಬಳೇ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ನಿಂತಿದ್ದರೆ ಆಜ್ಞೆ ಪಾಲಿಸಿದ ಹಾಗಾಗಲಿಲ್ಲ. ನಿಮ್ಮ ಕೈಕೆಳಗಿನವರಿಗೆ ರಜೆಯ ದಿನ ಮೆಸೇಜ್ ಹಾಕಿ, 'ನಾಳೆ ನೋಡಿದರೂ ಸಾಕು' ಎಂದು ಸೇರಿಸುವುದೂ ಅಷ್ಟೇ. ಅವರು ಅವತ್ತೇ ನೋಡುತ್ತಾರೆ, ನಿಮಗೂ ಗೊತ್ತು.

ಐದನೇ ಹೆಜ್ಜೆ: ಸಭೆಯ ಕೆಲಸಕ್ಕೂ ಸರದಿ ಇರಲಿ

ಆಫೀಸಿಗೆ 'ಆಗಲ್ಲ' ಅನ್ನಬಹುದು. ಸಭೆಗೆ ಅನ್ನುವುದು ಹೇಗೆ? ಇಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ಬೇಡ ಅಂದರೆ ದೇವರಿಗೇ ಬೇಡ ಅಂದ ಹಾಗೆ ಅನಿಸುತ್ತದೆ.

ದೇವರೇ ತಮ್ಮ ಆರಾಧನಾ ಗುಡಾರದ ಸೇವೆಯನ್ನು ಹೇಗೆ ಏರ್ಪಾಡು ಮಾಡಿದ್ದರು ನೋಡಿ. ಅರಣ್ಯಕಾಂಡ 8ರ ಪ್ರಕಾರ ಆ ಸೇವೆಗೆ ನೇಮಕವಾದ ಕುಲದವರು, ಲೇವಿಯರು, 25 ವರ್ಷಕ್ಕೆ ಸೇವೆಗೆ ಸೇರಬೇಕು, 50ಕ್ಕೆ ಆ ಕೆಲಸದಿಂದ ಬಿಡುಗಡೆ. ಆಮೇಲೆ ಸಹೋದರರಿಗೆ ಸಹಾಯ ಮಾಡಬಹುದು, ಆದರೆ ಭಾರದ ಕೆಲಸ ಇಲ್ಲ. ದಾವೀದನ ಕಾಲದಲ್ಲಿ ಯಾಜಕರನ್ನು 24 ವರ್ಗ ಮಾಡಿ ಸರದಿ ಹಾಕಿದರು. ಸ್ನಾನಿಕ ಯೋಹಾನನ ತಂದೆ ಜಕರೀಯನು ದೇವಾಲಯದಲ್ಲಿದ್ದದ್ದು ಅವನ ವರ್ಗದ ಸರದಿ ಬಂದಾಗ. ಸೇವೆ ಮುಗಿದ ಮೇಲೆ ಅವನು ಮನೆಗೆ ಹೋದ ಎಂದು ಲೂಕನು ಬರೆಯುತ್ತಾನೆ. ಮನೆಗೆ ಹೋದ! ದೇವದೂತನನ್ನು ಕಂಡು ಬಂದವನೂ ಸರದಿ ಮುಗಿದ ಮೇಲೆ ಮನೆಗೆ ಹೋದ.

ಮೋಶೆಗೆ ಇದನ್ನು ಹೇಳಲು ಮಾವನೇ ಬರಬೇಕಾಯಿತು. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಅಳಿಯನನ್ನು ನೋಡಿ ಇತ್ರೋನನು, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲಿಹೋಗುತ್ತೀ, ಜನರೂ ಬಳಲಿಹೋಗುತ್ತಾರೆ ಎಂದ. ಜನರೂ ಎಂಬ ಮಾತು ಗಮನಿಸಿ. ಎಲ್ಲವನ್ನೂ ಒಬ್ಬರೇ ಮಾಡಿದರೆ ಕಾಯುತ್ತಾ ನಿಂತವರಿಗೂ ಸುಸ್ತು.

ಹಾಗಾಗಿ ಸಭೆಯಲ್ಲಿ ನೀವು ಮಾಡುವ ಕೆಲಸಗಳನ್ನು ಪಟ್ಟಿ ಮಾಡಿ. ಒಂದನ್ನು ಇಟ್ಟುಕೊಳ್ಳಿ, ಬೇಕಾದರೆ ಎರಡು. ಉಳಿದದ್ದರಲ್ಲಿ ಒಂದನ್ನು ಈ ತಿಂಗಳು ಬೇರೆಯವರಿಗೆ ಕಲಿಸಲು ಶುರು ಮಾಡಿ. ಥಟ್ಟನೆ ಬಿಟ್ಟು ಓಡಬೇಡಿ, ಮೂರು ತಿಂಗಳು ಜೊತೆಗಿದ್ದು ಕೈಗೆ ಕೊಡಿ. ಅವರು ನಿಮ್ಮಷ್ಟು ಚೆನ್ನಾಗಿ ಮಾಡುವುದಿಲ್ಲ. ಕುರ್ಚಿ ಸಾಲು ಸೊಟ್ಟ ಇರುತ್ತದೆ. ನಾನು ಎರಡು ಭಾನುವಾರ ತಡೆದುಕೊಂಡೆ, ಮೂರನೇ ಭಾನುವಾರ ಎದ್ದು ಹೋಗಿ ನೆಟ್ಟಗೆ ಮಾಡಿಬಿಟ್ಟೆ. ಪಕ್ಕದಲ್ಲಿದ್ದ ಆ ಹುಡುಗನ ಮುಖ ನೋಡಿ ನಾಚಿಕೆಯಾಯಿತು. ನನ್ನ ಸೇವೆಯಲ್ಲಿ ನನ್ನ ಹಮ್ಮು ಎಷ್ಟಿತ್ತು ಎಂದು ಅವತ್ತು ಕಂಡಿತು.

ಕೆಲಸ ಕೇಳಿಕೊಂಡು ಬಂದವರಿಗೆ ಉದ್ದನೆಯ ಕಾರಣ ಕೊಡಬೇಡಿ. 'ಈ ವರ್ಷ ನನ್ನ ಕೈಯಲ್ಲಿ ಆಗುವುದಿಲ್ಲ, ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ' ಅಂದರೆ ಸಾಕು. ಪ್ರಾರ್ಥನೆ ಮಾಡುತ್ತೇನೆ ಅಂದಮೇಲೆ ಮಾಡಿ.

ಆರನೇ ಹೆಜ್ಜೆ: ವಿಶ್ರಾಂತಿ ಮುರಿದಾಗ

ಮುರಿಯುತ್ತದೆ. ಮಾರ್ಕ 6ರಲ್ಲಿ ಶಿಷ್ಯರು ಸೇವೆ ಮುಗಿಸಿ ಬಂದಿದ್ದಾರೆ, ಹೋಗಿಬರುವ ಜನರ ಗದ್ದಲದಲ್ಲಿ ಊಟಕ್ಕೂ ಸಮಯ ಇಲ್ಲ. ಯೇಸು ಸ್ವಾಮಿ ಅವರನ್ನು ಕರೆದು, ನೀವು ಮಾತ್ರ ಏಕಾಂತವಾಗಿ ಅಡವಿಯ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಎನ್ನುತ್ತಾರೆ. ದೋಣಿ ಹತ್ತುತ್ತಾರೆ. ಆ ಕಡೆ ದಡದಲ್ಲಿ ಏನಿದೆ? ಅವರಿಗಿಂತ ಮುಂಚೆ ಓಡಿಬಂದ ಜನರ ಗುಂಪು. ಯೇಸು ಸ್ವಾಮಿ ಕನಿಕರಪಟ್ಟರು, ಉಪದೇಶ ಮಾಡಿದರು, 5000 ಗಂಡಸರಿಗೆ ಊಟ ಹಾಕಿದರು. ವಿಶ್ರಾಂತಿಗೆ ಹೋದ ಶಿಷ್ಯರು ರೊಟ್ಟಿ ಹಂಚಿದರು!

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಊಟ ಮುಗಿದ ಕೂಡಲೇ ಅವರು ಶಿಷ್ಯರನ್ನು ದೋಣಿ ಹತ್ತಿಸಿ ಕಳಿಸಿದರು, ಜನರನ್ನೂ ಕಳಿಸಿದರು, ತಾವು ಪ್ರಾರ್ಥನೆಗೆ ಬೆಟ್ಟಕ್ಕೆ ಹೋದರು. ಮುಂದಕ್ಕೆ ಹೋದ ಏಕಾಂತವನ್ನು ಕೈಬಿಡಲಿಲ್ಲ.

ಚಿಕ್ಕ ಮಗು ಇರುವ ತಾಯಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ನಾಲ್ಕನೇ ಹೆಜ್ಜೆ ಓದಿ ಕಣ್ಣೀರು ಬಂದಿರಬಹುದು. ನಿಮ್ಮ ವಿಶ್ರಾಂತಿ ತುಂಡು ತುಂಡಾಗಿಯೇ ಬರುತ್ತದೆ. ಅದನ್ನು ಹಾಗೆಯೇ ತೆಗೆದುಕೊಳ್ಳಿ. ಸುಖಾರೆಂಬ ಊರಿನಲ್ಲಿ ಯೇಸು ಸ್ವಾಮಿ ದಣಿದು ಬಾವಿಯ ಬಳಿ ಸುಮ್ನೆ ಕೂತದ್ದೂ ವಿಶ್ರಾಂತಿಯೇ. ಆದರೆ ಇಂಥವರ ಅಕ್ಕಪಕ್ಕ ಇರುವ ನಮಗೆ ಒಂದು ಕೆಲಸ ಇದೆ. ಸಬ್ಬತ್ ದಿನ ಕೈ ಬತ್ತಿದವನನ್ನು ಗುಣಪಡಿಸಿದ ಕರ್ತನ ಹಿಂಬಾಲಕರು ನಾವು. ನಮ್ಮ ವಿಶ್ರಾಂತಿಯ ದಿನ ಮೂರು ಗಂಟೆ ಹೋಗಿ ಆ ಮಗುವನ್ನು, ಆ ರೋಗಿಯನ್ನು ನೋಡಿಕೊಂಡು ಅವರನ್ನು ಮಲಗಲು ಬಿಟ್ಟರೆ ದಿನ ಹಾಳಾಗುವುದಿಲ್ಲ.

ಇದು ಸೋಮಾರಿತನ ಆಗುವುದಿಲ್ಲವೇ?

ಕೇಳಬೇಕಾದ ಪ್ರಶ್ನೆಯೇ. 4ನೇ ಶತಮಾನದಲ್ಲಿ ಐಗುಪ್ತದ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ 'ಮಧ್ಯಾಹ್ನದ ದೆವ್ವ'ದ ಬಗ್ಗೆ ಬರೆದಿದ್ದಾನೆ. ಅದು ಹಿಡಿದ ಸನ್ಯಾಸಿಗೆ ದಿನ 50 ಗಂಟೆ ಉದ್ದ ಇದ್ದ ಹಾಗೆ ಕಾಣುತ್ತದೆ. ಪದೇ ಪದೇ ಕಿಟಕಿಯ ಕಡೆ ನೋಡುತ್ತಾನೆ, ಹೊತ್ತು ಎಷ್ಟಾಯಿತು ಎಂದು ಸೂರ್ಯನನ್ನು ನೋಡುತ್ತಾನೆ, ಯಾರಾದರೂ ಬರುತ್ತಾರಾ ಎಂದು ಅತ್ತಿತ್ತ ನೋಡುತ್ತಾನೆ. ಕೂತಲ್ಲಿ ಕೂರಲಾಗದ ಚಡಪಡಿಕೆ. ಫೋನ್ ಮೇಲೆ ಬೆರಳಾಡಿಸುತ್ತಾ ಎರಡು ಗಂಟೆ ಕಳೆದಾಗ ನನಗೆ ಈ ಸನ್ಯಾಸಿ ನೆನಪಾಗುತ್ತಾನೆ. ಅದು ಕೆಲಸವೂ ಅಲ್ಲ, ವಿಶ್ರಾಂತಿಯೂ ಅಲ್ಲ. ಎದ್ದಾಗ ಮುಂಚಿಗಿಂತ ಸುಸ್ತು ಜಾಸ್ತಿ ಇರುತ್ತದೆ. ಪರೀಕ್ಷೆ ಸುಲಭ: ಇದಾದ ಮೇಲೆ ಪಕ್ಕದವರ ಮೇಲೆ ಪ್ರೀತಿ ಹೆಚ್ಚಾಯಿತಾ, ಸಿಡುಕು ಹೆಚ್ಚಾಯಿತಾ?

ಅದೇ ಮರಳುಗಾಡಿನ ಇನ್ನೊಂದು ಹಳೆಯ ಕಥೆ. ಅಂತೋನಿ ಎಂಬ ಸನ್ಯಾಸಿ ತನ್ನ ಸಹೋದರ ಸನ್ಯಾಸಿಗಳ ಜೊತೆ ನಗುತ್ತಾ ಕೂತಿದ್ದನ್ನು ಒಬ್ಬ ಬೇಟೆಗಾರ ನೋಡಿ ಮುಖ ಸಿಂಡರಿಸಿದ. ಬಿಲ್ಲಿಗೆ ಬಾಣ ಹೂಡಿ ಎಳೆ ಎಂದ ಅಂತೋನಿ. ಅವನು ಎಳೆದ. ಇನ್ನೂ ಎಳೆ. ಎಳೆದ. ಇನ್ನೂ. ಹೀಗೇ ಎಳೆದರೆ ಬಿಲ್ಲು ಮುರಿಯುತ್ತದೆ ಎಂದ ಬೇಟೆಗಾರ. ಸಹೋದರರೂ ಹಾಗೆಯೇ ಎಂದ ಅಂತೋನಿ.

ಈ ವಾರ ಎಲ್ಲಿಂದ?

ಇವತ್ತು ರಾತ್ರಿ ಚೀಟಿ ಬರೆದು ಮಲಗಿ. ನಾಳೆಯಿಂದ ನೋಟ್‌ಬುಕ್. ಮುಂದಿನ ವಾರ ಹತ್ತು ನಿಮಿಷ. ಬಾಗಿಲು ಮುಚ್ಚುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಮನೆಯವರಿಗೆ ತೋರಿಸಿ, ಹೇಳದೇ ಇದ್ದರೆ ಆಗುವುದಿಲ್ಲ.

ಮೊದಲ ಸಲ ಕೆಡುತ್ತದೆ. ಮನ್ನದ ಮೊದಲ ವಾರವೂ ಹಾಗೇ ಆಯಿತು. ಅಷ್ಟು ಸ್ಪಷ್ಟವಾಗಿ ಹೇಳಿದ್ದರೂ ಏಳನೇ ದಿನ ಬೆಳಿಗ್ಗೆ ಕೆಲವರು ಕೂಡಿಸಿಕೊಳ್ಳಲು ಹೊರಗೆ ಹೋದರು. ಏನೂ ಸಿಗಲಿಲ್ಲ. ಎಷ್ಟು ದಿನ ನನ್ನ ಮಾತು ಕೇಳದೆ ಇರುತ್ತೀರಿ ಎಂದು ದೇವರು ಕೇಳಿದರು. ಆದರೆ ಮನ್ನ ನಿಲ್ಲಿಸಲಿಲ್ಲ. ಮುಂದೆ 40 ವರ್ಷ ಅದು ಬೀಳುತ್ತಲೇ ಇತ್ತು, ಆರನೇ ದಿನ ಎರಡರಷ್ಟು.